‘ಪುಷ್ಪಕ ವಿಮಾನ’ದ ಸುಳ್ಳು ಸಾಹುಕಾರ

(ಸಂಘದ ಸದಸ್ಯರಿಗಾಗಿ ‘ಪುಷ್ಪಕ ವಿಮಾನ’ ಚಿತ್ರವನ್ನು ತೋರಿಸಿದ ಮೇಲೆ ಮಾಡಿದ ಭಾಷಣ)



ಬ್ಯಾಂಕಿನ ಗುಮಾಸ್ತನೊಬ್ಬನನ್ನು ಚಲಚ್ಚಿತ್ರದ ಮೇಲೆ ಮಾತನಾಡಲು ಕರೆಯುವುದು ವಾಡಿಕೆಯಲ್ಲ. ನಾನು ಬಿ.ಕಾಂ. ಓದಿದವನು, ರಸ, ಧ್ವನಿ, ಔಚಿತ್ಯ ಎಂಬ ಮಾತುಗಳು ನಮ್ಮ ಪಠ್ಯದಲ್ಲಿ ಇರಲಿಲ್ಲ. ಇದನ್ನು ನಮ್ಮ ಕಾರ್ಯದರ್ಶಿಗಳಿಗೆ ಅರಿಕೆ ಮಾಡಿಕೊಂಡೆ. ಅವರು, “ಅದಕ್ಕೇನಂತೆ? ಚಿತ್ರ ಮೋಸಗಾರನ ವಿಷಯದ್ದು. ಮೋಸಗಾರರನ್ನು ಬ್ಯಾಂಕಿನವರಷ್ಟು ಹತ್ತಿರದಿಂದ ಬಲ್ಲವರು ಯಾರಿದ್ದಾರೆ ಹೇಳಿ” ಎಂದರು. ಇದು ಹೊಗಳಿಕೆಯೋ ತೆಗಳಿಕೆಯೋ ಎಂದು ನಾನು ನಿರ್ಧರಿಸುವುದರೊಳಗೆ ನನ್ನ ಹೆಸರು ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾಗಿಬಿಟ್ಟಿತ್ತು.

ಮೊದಲು ಒಂದು ಆಕ್ಷೇಪಣೆಗೆ ಉತ್ತರ ಹೇಳಬೇಕು. “ರಾಜ್ಯೋತ್ಸವವೆಂದರೆ ಕನ್ನಡದ ಹಬ್ಬ. ಆ ಹಬ್ಬಕ್ಕೆ ಒಂದೇ ಒಂದು ಕನ್ನಡ ಮಾತಿಲ್ಲದ ಚಿತ್ರವನ್ನು ಹುಡುಕಿ ತಂದಿರಲ್ಲ, ನಿಮ್ಮ ಜಾಣತನಕ್ಕೆ ಏನೆನ್ನೋಣ?” ಎಂದು ಹಿರಿಯ ಸದಸ್ಯರೊಬ್ಬರು ಕೇಳಿದ್ದರು. ಪ್ರಶ್ನೆ ನ್ಯಾಯವಾದದ್ದೆ. ಆದರೆ ಈಗ ತಾನೆ ಈ ಸಭಾಂಗಣದಲ್ಲಿ ಆದದ್ದನ್ನು ಅವರೂ ನೋಡಿದ್ದಾರೆ. ಧಾರವಾಡದಿಂದ ಮಗನ ಮನೆಗೆ ಬಂದಿರುವ ಅಜ್ಜಿ, ಗುಜರಾತಿ ಮನೆಯಿಂದ ಬಂದ ಅವರ ಸೊಸೆ, ಶಾಲೆಯಲ್ಲಿ ಗುಜರಾತಿ, ಹಿಂದಿ, ಇಂಗ್ಲಿಷು ಮೂರನ್ನೂ ಓದಿ ಕನ್ನಡವನ್ನು ಅಡುಗೆಮನೆಯಲ್ಲಿ ಮಾತ್ರ ಕೇಳುವ ಮೊಮ್ಮಗ, ಈ ಮೂವರೂ ಒಂದೇ ಕ್ಷಣದಲ್ಲಿ ನಕ್ಕರು. ಒಬ್ಬರು ಇನ್ನೊಬ್ಬರಿಗೆ ಅರ್ಥ ಹೇಳಬೇಕಾಗಲಿಲ್ಲ. ಹೊರನಾಡಿನಲ್ಲಿ ಇರುವ ನಮ್ಮಂಥವರ ಮನೆಗಳಲ್ಲಿ ಮೂರು ತಲೆಮಾರು ಒಟ್ಟಿಗೆ ನಗುವುದು ಅಪರೂಪ. ಆ ನಗೆಯನ್ನು ಕೊಟ್ಟ ಚಿತ್ರ ಬೆಂಗಳೂರಿನದು ಎಂಬುದೇ ನಮಗೆ ಹೆಮ್ಮೆಯಲ್ಲವೆ?

ಬೆಂಗಳೂರಿನದು ಎಂದೆ. ‘ಪುಷ್ಪಕ ವಿಮಾನ’ 1987ರಲ್ಲಿ ತೆರೆ ಕಂಡಿತು. ಹಣ ಹೂಡಿ ನಿರ್ಮಿಸಿದವರು ಶೃಂಗಾರ್ ನಾಗರಾಜ್. ಮಾತೇ ಇಲ್ಲದ ಚಿತ್ರಕ್ಕೆ ಹಣ ಹಾಕಿದ ಆ ಪುಣ್ಯಾತ್ಮರಿಗೆ ಯಾವ ಬ್ಯಾಂಕು ತಾನೆ ಸಾಲ ಮಂಜೂರು ಮಾಡೀತು! ಕಥೆ ಕಟ್ಟಿ ನಿರ್ದೇಶಿಸಿದವರು ಸಿಂಗೀತಂ ಶ್ರೀನಿವಾಸರಾವ್. ಅವರ ತಾಯ್ನುಡಿ ತೆಲುಗು. ಆದರೂ ‘ಹಾಲು ಜೇನು’, ‘ಚಲಿಸುವ ಮೋಡಗಳು’ ಮೊದಲಾದ ರಾಜ್‌ಕುಮಾರರ ಚಿತ್ರಗಳಿಂದ ಕನ್ನಡಿಗರ ಮನೆಯವರೇ ಆಗಿಹೋದವರು. ಛಾಯಾಗ್ರಹಣ ನಮ್ಮ ಬಿ.ಸಿ. ಗೌರೀಶಂಕರ್ ಅವರದು, ಸಂಗೀತ ಎಲ್. ವೈದ್ಯನಾಥನ್ ಅವರದು. ನಾಯಕನಾಗಿ ಕಮಲಹಾಸನ್, ನಾಯಿಕೆಯಾಗಿ ಅಮಲಾ. ಚಿತ್ರದ ವೈಭವದ ಹೋಟೆಲು ಬೆಂಗಳೂರಿನ ವಿಂಡ್ಸರ್ ಮ್ಯಾನರ್. ಕುಡುಕ ಸಾಹುಕಾರನ ಪಾತ್ರವನ್ನು ಮಾಡಿದ ಸಮೀರ್ ಖಖ್ಖರ್ ಅವರು ಗುಜರಾತಿಗಳು. ದೂರದರ್ಶನದ ‘ನುಕ್ಕಡ್’ ಧಾರಾವಾಹಿಯಲ್ಲಿ ‘ಖೋಪಡಿ’ ಎಂಬ ಕುಡುಕನಾಗಿ ಮನೆಮಾತಾಗಿದ್ದ ಅವರು 2023ರಲ್ಲಿ ತೀರಿಕೊಂಡರು. ಕನ್ನಡಿಗರು ತೆಗೆದ ಚಿತ್ರದಲ್ಲಿ ಗುಜರಾತಿನ ನಟನೊಬ್ಬ ಮಾತಿಲ್ಲದೆ ನಗಿಸಿದ್ದಾನೆ. ನಮ್ಮಂಥ ಸಂಘಕ್ಕೆ ಇದಕ್ಕಿಂತ ಒಪ್ಪುವ ಚಿತ್ರ ಇನ್ನಾವುದು?

ಈ ಚಿತ್ರಕ್ಕೆ ಉತ್ತಮ ಜನಪ್ರಿಯ ಸದಭಿರುಚಿಯ ಮನರಂಜನೆಯ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಬಂದಿತು. ತೆಲುಗಿನವರು, ತಮಿಳರು, ಮಲೆಯಾಳಿಗಳು, ಹಿಂದಿಯವರು ತಮತಮಗೆ ಒಪ್ಪುವ ಹೆಸರಿಟ್ಟುಕೊಂಡು ಇದನ್ನು ನೋಡಿದರು. ತಮಿಳಿನಲ್ಲಿ ಇಟ್ಟ ಹೆಸರು ‘ಪೇಸುಂ ಪಡಂ’, ಎಂದರೆ ಮಾತನಾಡುವ ಚಿತ್ರ! ನಮ್ಮ ದೇಶದ ಮೊದಲ ವಾಕ್ಚಿತ್ರ ‘ಆಲಂ ಆರಾ’ ಬಂದದ್ದು 1931ರಲ್ಲಿ. ಕನ್ನಡದ ‘ಸತಿ ಸುಲೋಚನಾ’ 1934ರಲ್ಲಿ. ಅಂದಿನಿಂದ ಚಿತ್ರಗಳಿಗೆ ಬಂದ ಬಾಯಿ ಮುಚ್ಚಿಯೇ ಇರಲಿಲ್ಲ. ಐವತ್ತು ವರ್ಷಗಳ ಮೇಲೆ ಒಬ್ಬರು ಬಾಯಿ ಮುಚ್ಚಿಸಿ ತೋರಿಸಿದರು.

ಕಥೆಯನ್ನು ನೀವೆಲ್ಲ ಈಗ ತಾನೆ ನೋಡಿದ್ದೀರಿ. ಆದರೂ ನನ್ನ ಮಾತಿಗೆ ಬೇಕಾದಷ್ಟನ್ನು ನೆನಪಿಗೆ ತರುತ್ತೇನೆ. ಒಬ್ಬ ನಿರುದ್ಯೋಗಿ ಯುವಕ. ಅವನಿಗೆ ಹೆಸರೂ ಇಲ್ಲ. ವಾಸ ಸಿನಿಮಾ ಮಂದಿರದ ಮಗ್ಗುಲಿನ ಒಂದು ಹರಕು ವಠಾರದಲ್ಲಿ. ಬೆಳಿಗ್ಗೆ ಎದ್ದರೆ ಶೌಚಕ್ಕೆ ಸಾಲು, ಹೊರಗೆ ಹೋದರೆ ಕೆಲಸಕ್ಕೆ ಸಾಲು. ಒಂದು ದಿನ ಕುಡಿದು ಬೀದಿಯಲ್ಲಿ ಬಿದ್ದಿದ್ದ ಸಾಹುಕಾರನೊಬ್ಬ ಅವನ ಕಣ್ಣಿಗೆ ಬೀಳುತ್ತಾನೆ. ಅವನ ಹತ್ತಿರ ‘ಪುಷ್ಪಕ’ ಎಂಬ ದೊಡ್ಡ ಹೋಟೆಲಿನ ಕೋಣೆಯ ಬೀಗದ ಕೈ. ಯುವಕ ಆ ಸಾಹುಕಾರನನ್ನು ಹೊತ್ತು ತಂದು ತನ್ನ ಕೋಣೆಯಲ್ಲಿ ಕಟ್ಟಿಹಾಕಿ, ತಾನು ಹೋಗಿ ಆ ಕೋಣೆಯಲ್ಲಿ ಸಾಹುಕಾರನಾಗಿ ಕೂಡುತ್ತಾನೆ. ಅಲ್ಲಿ ಒಬ್ಬ ಜಾದೂಗಾರ, ಅವನ ಮಗಳು. ಅವಳೊಡನೆ ಸ್ನೇಹ. ಇತ್ತ ಸಾಹುಕಾರನನ್ನು ಮುಗಿಸಬೇಕೆಂದು ಯಾರೋ ಕಳುಹಿಸಿದ ಕೊಲೆಗಾರ, ಮಂಜುಗಡ್ಡೆಯ ಚೂರಿ ಹಿಡಿದುಕೊಂಡು ಈ ಸುಳ್ಳು ಸಾಹುಕಾರನ ಹಿಂದೆ ಬೀಳುತ್ತಾನೆ. ಕದ್ದ ಹೆಸರಿನೊಡನೆ ಆ ಹೆಸರಿನ ಮೃತ್ಯುವೂ ಬರುತ್ತದೆ ಎಂಬುದು ಆ ಮುಗ್ಧ ಕಳ್ಳನಿಗೆ ಹೊಳೆದೇ ಇರಲಿಲ್ಲ.

ಕಳ್ಳನನ್ನು ನಾಯಕನನ್ನಾಗಿ ಮಾಡಿ ನಗಿಸುವುದು ಹೊಸ ಸಂಗತಿಯಲ್ಲ. ಚಾಪ್ಲಿನ್ ಮಹಾಶಯ 1931ರಲ್ಲಿ, ಜಗತ್ತೆಲ್ಲ ವಾಕ್ಚಿತ್ರದ ಹಿಂದೆ ಓಡುತ್ತಿದ್ದಾಗ, ಹಟ ಹಿಡಿದು ‘ಸಿಟಿ ಲೈಟ್ಸ್’ ಎಂಬ ಮೂಕಚಿತ್ರವನ್ನೇ ತೆಗೆದ. ಅಲ್ಲಿಯೂ ಒಬ್ಬ ಕುಡುಕ ಸಾಹುಕಾರ. ಹೂ ಮಾರುವ ಕುರುಡಿ ಒಬ್ಬ ಬೀದಿಯ ಅಲೆಮಾರಿಯನ್ನೇ ಶ್ರೀಮಂತನೆಂದು ತಿಳಿಯುತ್ತಾಳೆ. 1955ರಲ್ಲಿ ರಾಜ್‌ಕಪೂರರ ‘ಶ್ರೀ 420’ ಬಂತು. ಪ್ರಾಮಾಣಿಕತೆಗಾಗಿ ಬಂದ ಪದಕವನ್ನು ಒತ್ತೆಯಿಟ್ಟು ಮುಂಬಯಿಯ ಬಾಳನ್ನು ಶುರು ಮಾಡುವ ಹುಡುಗ, ಕೊನೆಗೆ ನೂರು ರೂಪಾಯಿಗೆ ಮನೆ ಎಂದು ಬಡವರಿಂದಲೇ ಹಣ ಎತ್ತುವ ಯೋಜನೆಗೆ ಮುಖವಾಗುತ್ತಾನೆ. ವಿದ್ಯಾ ಎಂಬ ಉಪಾಧ್ಯಾಯಿನಿಯ ಪ್ರೀತಿ ಅವನನ್ನು ಹಿಂದಕ್ಕೆ ಎಳೆಯುತ್ತದೆ. ಆ ಚಿತ್ರಕ್ಕೆ ಸಂಗೀತ ಕೊಟ್ಟ ಶಂಕರ್-ಜೈಕಿಶನ್ ಜೋಡಿಯಲ್ಲಿ ಜೈಕಿಶನ್ ಅವರು ಸೂರತ್ತಿನ ಆಚೆಗಿರುವ ವಾಂಸದಾದವರು; ನಮ್ಮ ಸೂರತ್ ಸದಸ್ಯರು ಇದನ್ನು ಹೇಳಿಕೊಳ್ಳದೆ ಬಿಡುವುದಿಲ್ಲ. ಕನ್ನಡದಲ್ಲಿಯೇ 1991ರಲ್ಲಿ ಫಣಿ ರಾಮಚಂದ್ರ ಅವರ ‘ಗೌರಿ ಗಣೇಶ’ ಬಂತು. ಅನಂತನಾಗ್ ಅವರ ಲಂಬೋದರ ಹುಟ್ಟದೇ ಇದ್ದ ಮಗುವಿನ ಹೆಸರಿನಲ್ಲಿ ಹಣ ಕೀಳುವವನು. ಆ ಸುಳ್ಳಿಗೆ ಆಧಾರವಾಗಿ ಒಬ್ಬ ನಿಜವಾದ ಹುಡುಗನನ್ನು ತಂದು ನಿಲ್ಲಿಸಬೇಕಾಗುತ್ತದೆ. ಮಾಸ್ಟರ್ ಆನಂದ್ ಮಾಡಿದ ಆ ಹುಡುಗನನ್ನು ನೋಡಿದ ಮೇಲೆ ಸುಳ್ಳು ಸುಳ್ಳಾಗಿಯೇ ಉಳಿಯುವುದು ಕಷ್ಟ.

ಪ್ರಸಂಗವಶಾತ್ ಒಂದು ಮಾತು. ಮೋಸಗಾರನಿಗೆ ‘ಫೋರ್ ಟ್ವೆಂಟಿ’ ಎಂಬ ಬಿರುದು ಬಂದದ್ದು ಭಾರತೀಯ ದಂಡಸಂಹಿತೆಯ 420ನೆಯ ಕಲಮಿನಿಂದ. 2024ರ ಜುಲೈ 1ರಿಂದ ಆ ಸಂಹಿತೆ ಹೋಗಿ ಭಾರತೀಯ ನ್ಯಾಯಸಂಹಿತೆ ಬಂದಿದೆ. ವಂಚನೆಯ ಕಲಮು ಈಗ 318. ಕಾನೂನು ಬದಲಾಯಿತು, ಜನದ ಬಾಯಿ ಬದಲಾಗಲಿಲ್ಲ. “ಅವನೊಬ್ಬ ಮುನ್ನೂರ ಹದಿನೆಂಟು” ಎಂದು ಬೈದರೆ ಬೈಗುಳಕ್ಕೆ ಬೆಲೆಯೇ ಇಲ್ಲ.

ಇನ್ನು ವಿಷಯಕ್ಕೆ ಬರುತ್ತೇನೆ. ನಾವು ಇಂಥ ಕಳ್ಳನನ್ನು ನೋಡಿ ನಗುತ್ತೇವೆ, ಅವನು ಸಿಕ್ಕಿಬೀಳದಿರಲಿ ಎಂದು ಹಾರೈಸುತ್ತೇವೆ. ಇದು ಸರಿಯೆ? ಮೋಸ ಹೋದವರ ಕಡೆಯಿಂದ ನೋಡಿದರೆ ನಗು ಬರುವುದಿಲ್ಲ. 2001ರ ಮಾರ್ಚಿಯಲ್ಲಿ ನಮ್ಮ ಅಹಮದಾಬಾದಿನ ಮಾಧವಪುರ ಮರ್ಕೆಂಟೈಲ್ ಸಹಕಾರಿ ಬ್ಯಾಂಕು ಮುಗ್ಗರಿಸಿತು. ಜನರ ಠೇವಣಿ ಷೇರುಪೇಟೆಯ ಜೂಜಿನ ಕಡೆಗೆ ಹರಿದುಹೋಗಿತ್ತು. ಗುಜರಾತಿನ ಎಷ್ಟೋ ಸಹಕಾರಿ ಬ್ಯಾಂಕುಗಳು ತಮ್ಮ ಹಣವನ್ನು ಅಲ್ಲಿಟ್ಟಿದ್ದುದರಿಂದ ಅವೂ ತತ್ತರಿಸಿದವು. ಠೇವಣಿದಾರರು ಬಾಗಿಲ ಮುಂದೆ ಸಾಲುಗಟ್ಟಿದರು. ಆಗ ಠೇವಣಿಗೆ ಇದ್ದ ವಿಮೆ ಒಂದು ಲಕ್ಷ ರೂಪಾಯಿ; 2020ರ ಫೆಬ್ರವರಿಯಲ್ಲಿ ಅದು ಐದು ಲಕ್ಷಕ್ಕೆ ಏರಿತು. ಮಗಳ ಮದುವೆಗೆಂದು, ಮುಪ್ಪಿಗೆಂದು ಕೂಡಿಟ್ಟವರ ಮುಖವನ್ನು ಆ ಸಾಲಿನಲ್ಲಿ ನೋಡಿದ ಹಿರಿಯರು ಈ ಸಭೆಯಲ್ಲಿ ಇದ್ದಾರೆ. ಅವರ ಮುಂದೆ ನಿಂತು “ಕಳ್ಳನ ಹೃದಯ ಒಳ್ಳೆಯದು” ಎಂದು ನಾನು ಹೇಳಲಾರೆ.

ಆದ್ದರಿಂದಲೇ ‘ಪುಷ್ಪಕ ವಿಮಾನ’ ನನಗೆ ಹಿಡಿಸಿತು. ಈ ಚಿತ್ರ ಕಳ್ಳನನ್ನು ಪ್ರೀತಿಸುತ್ತದೆ, ಆದರೆ ಅವನ ಲೆಕ್ಕವನ್ನು ಮನ್ನಾ ಮಾಡುವುದಿಲ್ಲ. ಇದನ್ನು ನನ್ನ ವೃತ್ತಿಯ ಮಾತಿನಲ್ಲಿಯೇ ಹೇಳುತ್ತೇನೆ. ಲೆಕ್ಕದ ಪುಸ್ತಕದಲ್ಲಿ ಒಂದು ಮೊತ್ತವನ್ನು ತಪ್ಪಾಗಿ ಬರೆದರೆ ಅದನ್ನು ಕೆರೆದು ಅಳಿಸುವಂತಿಲ್ಲ. ತಪ್ಪು ಅಲ್ಲಿಯೇ ಇರಬೇಕು, ಎಲ್ಲರ ಕಣ್ಣಿಗೂ ಕಾಣಬೇಕು. ಅದಕ್ಕೆ ಎದುರಾಗಿ, ತಾರೀಖು ಹಾಕಿ, ಸರಿಪಡಿಸುವ ಇನ್ನೊಂದು ನಮೂದನ್ನು ಮಾಡಬೇಕು. ಆಗ ಮಾತ್ರ ಲೆಕ್ಕ ತಾಳೆಯಾಗುತ್ತದೆ. ಪಶ್ಚಾತ್ತಾಪವೆಂದು ನಾವು ಕರೆಯುವುದರಲ್ಲಿ ಬಹುಪಾಲು ಕೆರೆದು ಅಳಿಸುವ ಕೆಲಸ. ನಾಲ್ಕು ಹನಿ ಕಣ್ಣೀರು, ಒಂದು ಕ್ಷಮಾಪಣೆ, ಆಮೇಲೆ ಏನೂ ಆಗಲಿಲ್ಲವೆಂಬಂತೆ ಹೊಸ ಪುಟ. ನಮ್ಮ ಯುವಕ ಹಾಗೆ ಮಾಡುವುದಿಲ್ಲ. ಕಟ್ಟಿಹಾಕಿದ್ದವನನ್ನು ಬಿಡುತ್ತಾನೆ, ಹೋಟೆಲಿನ ಸುಖವನ್ನು ಬಿಡುತ್ತಾನೆ, ಹುಡುಗಿಗೆ ತನ್ನ ನಿಜಸ್ಥಿತಿಯನ್ನು ತಿಳಿಸುತ್ತಾನೆ. ಎಲ್ಲಕ್ಕಿಂತ ಮಿಗಿಲಾಗಿ, ಎಲ್ಲಿಂದ ಓಡಿಹೋಗಿದ್ದನೋ ಅಲ್ಲಿಗೇ ತಿರುಗಿ ಬರುತ್ತಾನೆ.

ಅವನನ್ನು ಹೀಗೆ ತಿರುಗಿಸಿದ್ದು ಯಾವುದು? ಪೊಲೀಸರಲ್ಲ, ಉಪದೇಶವಂತೂ ಅಲ್ಲವೇ ಅಲ್ಲ. ಮಾತೇ ಇಲ್ಲದ ಕಡೆ ಉಪದೇಶ ಮಾಡುವವರು ಯಾರು? ಕೊಲೆಗಾರನ ಭಯ ಸ್ವಲ್ಪ ಕೆಲಸ ಮಾಡಿದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಭಯ ಮನುಷ್ಯನನ್ನು ಓಡಿಸಬಲ್ಲುದು, ತಿದ್ದಲಾರದು. ಭಯ ಒಂದೇ ಆಗಿದ್ದರೆ ಅವನು ರಾತ್ರೋರಾತ್ರಿ ಮಾಯವಾಗಬಹುದಾಗಿತ್ತು; ತಾನೇ ಬಾಯಿಬಿಟ್ಟು, ಎಂದರೆ ಬಾಯಿ ಬಿಡದೆಯೇ, ಒಬ್ಬ ಹುಡುಗಿಯ ಮುಂದೆ ಸಣ್ಣವನಾಗಬೇಕಾಗಿರಲಿಲ್ಲ. ಆ ಹುಡುಗಿಯ ನಗುಮುಖ ಅವನಿಗೆ ಸಂಕಟ ತಂದಿಟ್ಟಿತು. ಅವಳು ಪ್ರೀತಿಯಿಂದ ನೋಡುತ್ತಿರುವುದು ತನ್ನನ್ನೋ, ತಾನು ಉಟ್ಟಿರುವ ಇನ್ನೊಬ್ಬನ ಕೋಟನ್ನೋ? ಮೋಸಗಾರನಿಗೆ ಬೈಗುಳವನ್ನು ತಡೆಯುವ ಶಕ್ತಿ ಇರುತ್ತದೆ. ವಿಶ್ವಾಸವನ್ನು ತಡೆಯುವ ಶಕ್ತಿ ಇರುವುದಿಲ್ಲ. ತನ್ನನ್ನು ನಂಬಿದವರ ಮುಂದೆ ನಂಬಿಕೆಗೆ ತಕ್ಕವನಾಗಬೇಕೆಂಬ ಆಸೆ ಹುಟ್ಟುವುದು ಆಗ.

ನಮ್ಮ ನಾಡಿನವರಿಗೆ ಇದು ಹೊಸ ಪಾಠವಲ್ಲ. ಪುರಂದರದಾಸರು ಮೊದಲು ಶ್ರೀನಿವಾಸ ನಾಯಕರೆಂಬ ಜಿಪುಣ ವ್ಯಾಪಾರಿಯಾಗಿದ್ದರೆಂದೂ, ಬೇಡಿ ಬಂದ ಬಡ ಬ್ರಾಹ್ಮಣನಿಗೆ ಅವರ ಹೆಂಡತಿ ಮೂಗುತಿಯನ್ನು ಕೊಟ್ಟುಬಿಟ್ಟದ್ದೇ ಅವರ ಕಣ್ಣು ತೆರೆಸಿತೆಂದೂ ನಾವೆಲ್ಲ ಚಿಕ್ಕಂದಿನಿಂದ ಕೇಳಿದ್ದೇವೆ. ಆ ತಾಯಿ ಗಂಡನಿಗೆ ಉಪನ್ಯಾಸ ಮಾಡಲಿಲ್ಲ, ಮೂಗುತಿ ಕೊಟ್ಟಳು. ಲೇವಾದೇವಿಯ ವೃತ್ತಿಯವರಲ್ಲಿ ಒಬ್ಬರು ದಾಸಶ್ರೇಷ್ಠರಾದರೆಂಬುದು ನಮ್ಮಂಥ ಬ್ಯಾಂಕಿನವರಿಗೆ ಇರುವ ಒಂದೇ ಭರವಸೆ.

ಚಿತ್ರದಲ್ಲಿ ನನ್ನ ಮನಸ್ಸಿಗೆ ನಾಟಿದ ಇನ್ನೆರಡು ಸಂಗತಿಗಳಿವೆ. ವಠಾರದಲ್ಲಿದ್ದಾಗ ಪಕ್ಕದ ಸಿನಿಮಾ ಮಂದಿರದ ಗದ್ದಲದಲ್ಲಿಯೇ ಮಲಗಿ ರೂಢಿಯಾದ ಯುವಕನಿಗೆ ಹೋಟೆಲಿನ ಮೆತ್ತೆಯ ಮೇಲೆ, ಆ ನಿಶ್ಶಬ್ದದಲ್ಲಿ ನಿದ್ರೆ ಬಾರದು. ಹೋಗಿ ಆ ಗದ್ದಲವನ್ನು ಟೇಪಿನಲ್ಲಿ ಹಿಡಿದು ತಂದು, ಹಾಕಿಕೊಂಡು ಮಲಗುತ್ತಾನೆ. ನೀವೆಲ್ಲ ಬಿದ್ದು ಬಿದ್ದು ನಕ್ಕಿರಿ; ನಾನೂ ನಕ್ಕೆ. ಆದರೆ ಊರು ಬಿಟ್ಟು ಬಂದವರಿಗೆ ಆ ನಗುವಿನ ಹಿಂದೆಯೇ ಇನ್ನೊಂದು ನೆನಪು ಬರುತ್ತದೆ. ನಾವು ಮಣಿನಗರದಲ್ಲಿಯೋ ವಡೋದರದಲ್ಲಿಯೋ ಮೂರು ಕೋಣೆಯ ಮನೆ ಮಾಡಿಕೊಂಡು, ರಾತ್ರಿ ಮಲಗುವಾಗ ಊರಿನ ಭಜನೆಯನ್ನೋ ಯಕ್ಷಗಾನದ ಚೆಂಡೆಯನ್ನೋ ಫೋನಿನಲ್ಲಿ ಹಾಕಿಕೊಳ್ಳುವುದಿಲ್ಲವೆ? ಮೆತ್ತೆ ಎಲ್ಲಿ ಬೇಕಾದರೂ ಸಿಗುತ್ತದೆ. ನಿದ್ರೆ ತನ್ನ ಊರಿನದೇ ಬೇಕು.

ಎರಡನೆಯದು ಬೀದಿಯ ಭಿಕ್ಷುಕ. ಕೆಲಸವಿಲ್ಲದ ಪದವೀಧರನಿಗಿಂತ ಅವನ ಹತ್ತಿರ ಹೆಚ್ಚು ಹಣವಿದೆ. ಆದರೆ ಅವನು ಸತ್ತಾಗ ಜನದ ಕಣ್ಣೆಲ್ಲ ಅವನ ನೋಟುಗಳ ಮೇಲೆ. ಹೆಣದ ಕಡೆಗೆ ಯಾರೂ ನೋಡುವವರಿಲ್ಲ. ಅತ್ತ ಹೋಟೆಲಿನ ಮುದಿ ಯಜಮಾನನನ್ನು ನೋಡಿ. ಸಣ್ಣ ಚಹದ ಅಂಗಡಿಯಿಂದ ಬೆವರು ಸುರಿಸಿ ಮೇಲೆ ಬಂದವನು. ಗುಜರಾತಿನ ಊರೂರಿನಲ್ಲಿ ಇಡ್ಲಿ ದೋಸೆಯ ಹೋಟೆಲು ತೆರೆದ ನಮ್ಮ ಉಡುಪಿ ಕಡೆಯವರಿಗೆ ಆ ಮುದುಕನನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ಯುವಕನ ಮುಂದೆ ಎರಡು ದಾರಿಗಳೂ ತೆರೆದಿದ್ದವು. ಬೀಗದ ಕೈಯ ದಾರಿ ಹತ್ತಿರದ್ದು. ಚಹದ ಅಂಗಡಿಯ ದಾರಿ ದೂರದ್ದು.

ಈಗಿನ ಮೋಸಗಾರ ಬೀಗದ ಕೈ ಕದಿಯುವುದಿಲ್ಲ, ಫೋನು ಮಾಡುತ್ತಾನೆ. ಒಂದು ದಿನ ಸುಮಾರು ಎಪ್ಪತ್ತು ವರ್ಷದ ಒಬ್ಬರು ನಮ್ಮ ಕೌಂಟರಿಗೆ ಬಂದರು. ಠೇವಣಿಯನ್ನೆಲ್ಲ ಅವಧಿಗೆ ಮುಂಚೆಯೇ ಮುರಿದು ಯಾವುದೋ ದೂರದ ಖಾತೆಗೆ ಕಳಿಸಬೇಕೆಂದರು. ಕೈ ನಡುಗುತ್ತಿತ್ತು; ಜೇಬಿನಲ್ಲಿ ಫೋನು ಕಡಿಯದೆ ಹಾಗೆಯೇ ಇತ್ತು. ಯಾರಿಗೆ, ಏಕೆ ಎಂದು ಕೇಳಿದರೆ “ನನ್ನ ಹಣ, ನಿಮಗೇನು?” ಎಂದು ಸಿಡುಕಿದರು. ನಿಯಮದ ಪುಸ್ತಕ ತೋರಿಸಿದರೆ ಸಿಡುಕು ಹೆಚ್ಚಾಯಿತು. ನಮ್ಮ ಕಚೇರಿಯ ಜವಾನ ಗುಜರಾತಿಯಲ್ಲಿ “ಕಾಕಾ, ಮೊದಲು ಕುಳಿತುಕೊಳ್ಳಿ” ಎಂದು ಕುರ್ಚಿ ಹಾಕಿ ಅರ್ಧ ಲೋಟ ಚಹ ತಂದಿಟ್ಟ. ಚಹ ಮುಗಿಯುವ ಹೊತ್ತಿಗೆ ಆ ಹಿರಿಯರು ಫೋನನ್ನು ಮೇಜಿನ ಮೇಲಿಟ್ಟು, “ಪೊಲೀಸಿನವರಂತೆ. ಯಾರಿಗೂ ಹೇಳಕೂಡದು ಎಂದಿದ್ದಾರೆ” ಎಂದು ಅತ್ತುಬಿಟ್ಟರು. ಆ ಫೋನಿನ ಆಚೆಗಿದ್ದವನೂ ಯಾವುದೋ ಊರಿನ ನಿರುದ್ಯೋಗಿಯೇ ಇರಬಹುದು. ಅವನಿಗೆ ಯಾರು ಎಂದು ಕುರ್ಚಿ ಹಾಕುತ್ತಾರೋ ತಿಳಿಯದು. ಹಣ ಮಾತ್ರ ಅಂದು ಉಳಿಯಿತು. ಅದನ್ನು ಉಳಿಸಿದ್ದು ನಿಯಮವಲ್ಲ, ಅರ್ಧ ಲೋಟ ಚಹ.

ಕರುಣೆಯೆಂದರೆ ಮೋಸಗಾರನನ್ನು ಮುದ್ದು ಮಾಡುವುದು ಎಂದು ಯಾರೂ ತಿಳಿಯಬಾರದು ಎಂಬುದಕ್ಕಾಗಿ ಇದನ್ನು ಹೇಳಿದೆ. ಕರುಣೆ ಮೊದಲು ಸಲ್ಲಬೇಕಾದದ್ದು ಮೋಸ ಹೋಗುವವರಿಗೆ. ಒಂಟಿಯಾಗಿ ಫೋನು ಹಿಡಿದು ನಡುಗುವ ಹಿರಿಯರು ನಮ್ಮ ಸಂಘದ ಮನೆಗಳಲ್ಲಿಯೂ ಇದ್ದಾರೆ; ಮಕ್ಕಳು ಕೆಲಸಕ್ಕೆ ಹೋದಮೇಲೆ ಭಾಷೆ ಬಾರದ ಊರಿನಲ್ಲಿ ಅವರು ಇನ್ನೂ ಒಂಟಿ. ವಾರಕ್ಕೊಮ್ಮೆ ಹೋಗಿ ಒಂದು ಗಳಿಗೆ ಕನ್ನಡದಲ್ಲಿ ಹರಟಿ ಬಂದರೆ, ಅದು ಬ್ಯಾಂಕು ಕೊಡಬಲ್ಲ ಯಾವ ರಕ್ಷಣೆಗಿಂತಲೂ ಹೆಚ್ಚಿನದು. ಸಂಘದ ಮುಂದಿನ ವರ್ಷದ ಕಾರ್ಯಕ್ರಮದಲ್ಲಿ ಇದನ್ನು ಸೇರಿಸಬೇಕೆಂದು ಅಧ್ಯಕ್ಷರಲ್ಲಿ ನನ್ನ ವಿನಂತಿ.

ನಾವು ಬಂದು ನೆಲೆಸಿದ ನಾಡು ಲೆಕ್ಕಕ್ಕೆ ಹೆಸರಾದ ನಾಡು. ದೀಪಾವಳಿಯಲ್ಲಿ ಇಲ್ಲಿನ ವ್ಯಾಪಾರಿಗಳು ಹೊಸ ಚೋಪಡಾ ಪುಸ್ತಕವನ್ನು ಪೂಜಿಸುವಾಗ ಮೊದಲು ‘ಶುಭ’ ಎಂದು ಬರೆದು ಆಮೇಲೆ ‘ಲಾಭ’ ಎಂದು ಬರೆಯುತ್ತಾರೆ. ಆ ಅನುಕ್ರಮ ನನಗೆ ಬಹಳ ಮೆಚ್ಚಿಗೆ. ಮಹಾರಾಜ ಸಯಾಜಿರಾಯರು 1908ರಲ್ಲಿ ಸ್ಥಾಪಿಸಿದ ಬರೋಡದ ಬ್ಯಾಂಕಿನಲ್ಲಿ, 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ನಮ್ಮ ವಿಜಯಾ ಬ್ಯಾಂಕು 2019ರಲ್ಲಿ ಸೇರಿಹೋಯಿತು. ಹೆಸರು ಹೋದದ್ದಕ್ಕೆ ಕರಾವಳಿಯವರು ಮರುಗಿದರು. ಆದರೆ ಎರಡು ನಾಡಿನ ಲೆಕ್ಕಗಳು ಒಂದೇ ಪುಸ್ತಕಕ್ಕೆ ಬಂದವು. ಇನ್ನು ಶುಭವೂ ಲಾಭವೂ ಜಂಟಿ ಖಾತೆಯವು.

ಕೊನೆಯದಾಗಿ, ಚಿತ್ರದ ಮುಕ್ತಾಯದ ಬಗ್ಗೆ ಮಕ್ಕಳು ಬೇಸರ ಪಟ್ಟಿದ್ದಾರೆ. ಹುಡುಗಿ ಹೊರಟುಹೋಗುವಾಗ ಗುಲಾಬಿಯೊಡನೆ ತನ್ನ ವಿಳಾಸದ ಚೀಟಿಯನ್ನು ಎಸೆಯುತ್ತಾಳೆ. ಗಾಳಿ ಅದನ್ನು ಚರಂಡಿಯ ಪಾಲು ಮಾಡುತ್ತದೆ. “ಛೆ, ಸಿಗಬೇಕಾಗಿತ್ತು” ಎಂದು ಪುಟ್ಟ ಹುಡುಗಿಯೊಬ್ಬಳು ಕೂಗಿಯೇಬಿಟ್ಟಳು. ಮಗೂ, ಚೀಟಿ ಸಿಕ್ಕಿದ್ದರೆ ಅವನಿಗೆ ಒಳ್ಳೆಯತನಕ್ಕೆ ಸಂಬಳ ಸಿಕ್ಕಂತೆ ಆಗುತ್ತಿತ್ತು. ಸಂಬಳ ಸಿಗುವುದಾದರೆ ಯಾರು ಬೇಕಾದರೂ ಒಳ್ಳೆಯವರಾದಾರು. ಅವನಿಗೆ ಸಿಕ್ಕಿದ್ದು ಕೆಲಸ ಹುಡುಕುವವರ ಉದ್ದನೆಯ ಸಾಲಿನಲ್ಲಿ ನಿಲ್ಲುವ ಜಾಗ. ಮೊದಲು ಬೇಸತ್ತು ಬಿಟ್ಟು ಹೋಗಿದ್ದ ಬಾಳು ಅದೇ. ಆದರೆ ಈ ಸಲ ಅವನು ತನ್ನ ಸ್ವಂತ ಅಂಗಿಯಲ್ಲಿ ನಿಂತಿದ್ದಾನೆ. ಯಾರ ಕೋಟೂ ಮೈಮೇಲಿಲ್ಲ, ಯಾರ ಬೀಗದ ಕೈಯೂ ಜೇಬಿನಲ್ಲಿಲ್ಲ, ಯಾವ ಚೂರಿಯೂ ಅವನನ್ನು ಹುಡುಕುತ್ತಿಲ್ಲ.

ನಾನು ದಿನವೂ ಸಾಲಿನ ಈಚೆ ಬದಿಯಲ್ಲಿ ಕೂಡುವವನು. ತಮ್ಮ ಸರದಿ ಬರುವವರೆಗೆ ಸುಮ್ಮನೆ ಕಾದು ನಿಲ್ಲುವ ಜನರ ಮೇಲೆಯೇ ಬ್ಯಾಂಕು ನಡೆಯುತ್ತದೆ, ದೇಶವೂ ನಡೆಯುತ್ತದೆ. ಅಂಥವರ ಮೇಲೆ ಯಾರೂ ಸಿನಿಮಾ ತೆಗೆಯುವುದಿಲ್ಲ. ಸಾಲು ತಪ್ಪಿಸಿ ಹೋದವನೊಬ್ಬ ಮರಳಿ ಬಂದು ಅವರ ಹಿಂದೆ ನಿಂತುಕೊಂಡದ್ದರ ಮೇಲೆ ಒಂದು ಸಿನಿಮಾ ಬಂತು. ಅದು ಬೆಂಗಳೂರಿನಿಂದ ಬಂತು.  ಊಟದ ಸಾಲು ಆಗಲೇ ಬೆಳೆಯುತ್ತಿದೆ.

ಸಿರಿಗನ್ನಡಂ ಗೆಲ್ಗೆ.